ಹೇಗೆ ಸುಧಾರಿಸ್ತೀರಿ?

ಕೆಲಸಕ್ಕೆ ಹೋಗುವ ಇಬ್ಬರು ತಾಯಂದಿರು ಎದುರಾದರೆ ಮೂರನೆಯ ಮಾತಿಗಾದರೂ ಈ ಪ್ರಶ್ನೆ ಬಂದೇ ಬರುತ್ತದೆ: "ಮಗು ಇನ್ನೂ ಸಣ್ಣದಲ್ಲವೇ, ಹೇಗೆ ಸುಧಾರಿಸ್ತೀರಿ?" ಉತ್ತರವೂ ಸಿದ್ಧವಾಗಿಯೇ ಇರುತ್ತದೆ: "ಹೇಗೋ ಆಗ್ತದೆ." ಈ ಮಾತು ಸುಳ್ಳೇ? ಸುಳ್ಳಾದರೆ ಯಾರಿಗೆ ನಷ್ಟ?

ನಷ್ಟ ಕೇಳಿದವಳಿಗೆ. ಅವಳು ಕುಶಲ ವಿಚಾರಿಸಿದ್ದಲ್ಲ, ದಾರಿ ಕೇಳಿದ್ದು. ಬೆಳಿಗ್ಗೆ ಮಗುವಿಗೆ ಮೀಯಿಸುವ ಅತ್ತೆ, ಸಂಜೆ ಕರೆದು ಗಂಜಿ ಉಣಿಸುವ ಪಕ್ಕದ ಮನೆಯಾಕೆ, ಆಟ ಬಿಟ್ಟು ತೊಟ್ಟಿಲು ತೂಗುವ ದೊಡ್ಡ ಮಗಳು, ಇವರನ್ನೆಲ್ಲ ನಾವು "ಹೇಗೋ" ಎಂಬ ಒಂದೇ ಮಾತಿನೊಳಗೆ ಅಡಗಿಸಿಡುತ್ತೇವೆ. ಕೇಳಿದವಳು, 'ಎಲ್ಲರಿಗೂ ಆಗುತ್ತದೆ, ನನಗೊಬ್ಬಳಿಗೇ ಆಗುವುದಿಲ್ಲ' ಎಂದುಕೊಂಡು ಮನೆಗೆ ಹೋಗುತ್ತಾಳೆ.

ಐದು ಹೊಳೆಗಳು ಕೂಡಿ ಕಡಲು ಸೇರುವ ಊರು ನಮ್ಮ ಗಂಗೊಳ್ಳಿ. ಬಂದರಿನಲ್ಲಿ ಮೀನು ಕೊಂಡು ಬುಟ್ಟಿಯಲ್ಲಿ ಹೊತ್ತು ಮಾರುವ ಹೆಂಗಸರಿಗೆ, ಗಂಡಸರು ಕಡಲಿನಲ್ಲಿರುವಷ್ಟು ಹೊತ್ತು ಮನೆ, ಮಗು, ವ್ಯಾಪಾರ ಮೂರೂ ತಮ್ಮದೇ. ಕಡಲಿಗೆ ಹೋದ ಅಪ್ಪನನ್ನು, "ಮಕ್ಕಳನ್ನು ಬಿಟ್ಟು ಹೇಗೆ ಸುಧಾರಿಸ್ತೀರಿ?" ಎಂದು ಯಾರೂ ಕೇಳುವುದಿಲ್ಲ. ಮೀನು ಮರಿ ಮಾಡಲೆಂದು ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳಿಗೆ ಕಾನೂನೇ ರಜೆ ಕೊಟ್ಟಿದೆ. ನೌಕರಿಯಲ್ಲಿರುವ ತಾಯಂದಿರಿಗೆ ಮೊದಲ ಎರಡು ಹೆರಿಗೆಗೆ ಇದ್ದ 12 ವಾರದ ರಜೆ 2017ರಲ್ಲಿ 26 ವಾರವಾಯಿತು. ಒಳ್ಳೆಯದೇ. ಆದರೆ ಬುಟ್ಟಿ ಹೊತ್ತವಳು ರಜೆಯ ಅರ್ಜಿಯನ್ನು ಯಾರ ಹೆಸರಿಗೆ ಬರೆಯಬೇಕು? ಅವಳಿಗೆ ಉಳಿದಿರುವುದು ಅಂಗನವಾಡಿ ಮತ್ತು ಅಕ್ಕಪಕ್ಕದ ಹೆಂಗಸರು. ಅಂಗನವಾಡಿಯ ಬಾಗಿಲು ಮುಚ್ಚಿದ ಮೇಲೂ ಮೀನು ಬುಟ್ಟಿಯಲ್ಲಿ ಉಳಿದಿರಬಹುದು. ಆಗ ಬೇಕಾಗುವುದು ಸಮಾಧಾನದ ಮಾತಲ್ಲ, ಮಗುವನ್ನು ಎತ್ತಿಕೊಳ್ಳುವ ಇನ್ನೊಂದು ಸೊಂಟ.

ಹಾಗಾದರೆ ಕಷ್ಟವನ್ನೆಲ್ಲ ದಾರಿಯಲ್ಲಿ ನಿಂತು ಹೇಳಿಕೊಳ್ಳಬೇಕೇ, ಮನೆಯ ಗುಟ್ಟು ಬೀದಿಗೆ ಬರುವುದಿಲ್ಲವೇ ಎಂದು ನೀವು ಕೇಳಬಹುದು. ಗಂಡನೊಡನೆ ಆದ ಜಗಳ ಮನೆಯ ಗುಟ್ಟು, ನಿಜ. ಆದರೆ ರಾತ್ರಿ ಮೂರು ಸಲ ಎದ್ದು, ಬೆಳಿಗ್ಗೆ ಕೆಲಸಕ್ಕೆ ಹೊರಟಾಗ ಕಾಲು ಸೋಲುವುದು ಯಾವ ಗುಟ್ಟು? ಅದು ಎಲ್ಲ ಮನೆಗಳಲ್ಲೂ ಇರುವ ಸಂಗತಿ. ಒಬ್ಬಳು ಬಾಯಿಬಿಟ್ಟರೆ ಹತ್ತು ಜನರ ಎದೆ ಹಗುರಾಗುತ್ತದೆ.

ಆದರೆ ನೇರ ಮಾತಿನ ಹೆಸರಿನಲ್ಲಿ ನಾವು ಕೊಡುವ ತೀರ್ಪುಗಳಿವೆಯಲ್ಲ, ಅದು ಬೇರೆ. "ನಾನಾಗಿದ್ದರೆ ಅಷ್ಟು ಸಣ್ಣ ಮಗುವನ್ನು ಬಿಟ್ಟು ಹೋಗುತ್ತಿರಲಿಲ್ಲ" ಎನ್ನುವುದು ಸತ್ಯವಲ್ಲ, ಸತ್ಯದ ಸೀರೆಯುಟ್ಟ ಚುಚ್ಚುಮಾತು. ಸತ್ಯವನ್ನು ಮೊದಲು ನಮ್ಮ ಬಗ್ಗೆ ಹೇಳಬೇಕು. ಇನ್ನೊಬ್ಬಳ ಬಗ್ಗೆ, ಅವಳು ಕೇಳಿದರೆ ಮಾತ್ರ.

ಸಹಾಯದಲ್ಲೂ ಸತ್ಯ ಇರಬೇಕು. "ಯಾವಾಗ ಬೇಕಾದರೂ ಮಗುವನ್ನು ಬಿಟ್ಟು ಹೋಗಿ" ಎಂದ ಮನೆಗೆ ಹೋಗಲು ಕಾಲು ಏಳುವುದಿಲ್ಲ. ಅದು ಉಪಚಾರದ ಮಾತೆಂದು ಇಬ್ಬರಿಗೂ ಗೊತ್ತು. "ಮಂಗಳವಾರ ಐದರವರೆಗೆ ನಾನು ನೋಡಿಕೊಳ್ಳುತ್ತೇನೆ, ಉಳಿದ ದಿನ ನನ್ನಿಂದಾಗದು" ಎಂದವಳ ಮನೆಯ ಬಾಗಿಲನ್ನು ಮಾತ್ರ ಧೈರ್ಯವಾಗಿ ತಟ್ಟಬಹುದು. ಆಗದು ಎಂದು ಹೇಳಬಲ್ಲವಳು ಆಗುತ್ತದೆ ಎಂದಾಗಲೇ ನಂಬಿಕೆ ಹುಟ್ಟುವುದು.

ಇನ್ನೊಂದು ಮಾತು. ನನ್ನ ಮಗುವನ್ನು ನೋಡಿಕೊಳ್ಳಲು ಬರುವಾಕೆ ತನ್ನ ಮಗುವನ್ನು ಎಲ್ಲಿ ಬಿಟ್ಟು ಬಂದಿದ್ದಾಳೆ? ಅವಳನ್ನೂ "ನೀವು ಹೇಗೆ ಸುಧಾರಿಸ್ತೀರಿ?" ಎಂದು ಕೇಳಬೇಕು. ಕೇಳಿದ ಮೇಲೆ, ಅವಳು ಉತ್ತರ ಹೇಳಿ ಮುಗಿಸುವವರೆಗೆ ನಿಲ್ಲಬೇಕು.