ಕಾಣದ ನೋವನ್ನು ನಂಬುವದು

ಮಾವಳ್ಳಿಯ ಕಡಲಗಾಳಿಯು ನಮಗೆಲ್ಲರಿಗೂ ಹಿತವಾದದ್ದು. ನಮ್ಮ ಮನೆಯ ವೃದ್ಧ ದೊಡ್ಡಮ್ಮನವರಾದರೋ ಅದು ಬೀಸಿದ ಕೂಡಲೇ ಸೆರಗಿನ ಮರೆಯಲ್ಲಿ ಒಳಗೆ ಹೋಗುತ್ತಾರೆ. ಗಾಳಿ, ತಣ್ಣೀರು, ಒಂದು ತುತ್ತು ಅನ್ನ, ಇವೇ ಅವರ ಕೆನ್ನೆಯಲ್ಲಿ ಸಿಡಿಲಿನಂಥ ವೇದನೆಯನ್ನು ಎಬ್ಬಿಸುವವು. ತಲೆಯೊಳಗೆ ರಕ್ತನಾಳವೊಂದು ಮುಖದ ನರವನ್ನು ಒತ್ತುವದೇ ಹೆಚ್ಚಾಗಿ ಇದರ ಕಾರಣ. ಹೊರಗೆ ಗಾಯವಿಲ್ಲ, ಬಾವಿಲ್ಲ. ಆದಕಾರಣ ಹಲ್ಲುನೋವೆಂದು ಭ್ರಮಿಸಿ ಒಳ್ಳೇ ಹಲ್ಲುಗಳನ್ನು ಕೀಳಿಸಿಕೊಂಡವರೂ ಉಂಟು.

ಪ್ರಿಯರೇ, ಕಾಣದ್ದನ್ನು ನಂಬುವವರೆಂದು ಹೇಳಿಕೊಳ್ಳುವ ನಾವು, ಅವರು ಸಭೆಯಲ್ಲಿ ಹಾಡದೆ ಕೂತಾಗ ಗರ್ವವೆಂದೂ, ಕರ್ತನ ಮೇಜಿನ ರೊಟ್ಟಿಯನ್ನು ಒಲ್ಲೆನೆಂದಾಗ ಗುಪ್ತಪಾಪವೆಂದೂ ಊಹಿಸಿದೆವು. ಯೋಬನ ಸ್ನೇಹಿತರು ಏಳು ದಿನ ಅವನ ಸಂಗಡ ನೆಲದ ಮೇಲೆ ಮೌನವಾಗಿ ಕೂತದ್ದು ಒಳ್ಳೇದೇ ಆಗಿತ್ತು. ಕಾರಣ ಹೇಳಲು ಬಾಯಿ ತೆರೆದ ಮೇಲೆಯೇ ಅವರು ತಪ್ಪಿದರು. ಇದು ನಿಮ್ಮ ಶಿಲುಬೆ, ಹೊತ್ತುಕೊಳ್ಳಿರಿ ಎಂಬ ಮಾತು ಹೊರುವವರ ಬಾಯಿಗೆ ಸಲ್ಲುವದು, ನೋಡುವವರ ಬಾಯಿಗಲ್ಲ.

ಔಷಧವಿದೆ. 1960ರ ದಶಕದಿಂದ ಬಳಕೆಯಲ್ಲಿರುವ ಕಾರ್ಬಮಜೆಪೀನ್ ಗುಳಿಗೆಯು ಅನೇಕರಿಗೆ ಉಪಶಮನ ಕೊಟ್ಟದೆ. ಆದರೆ ಅದರಿಂದ ತಲೆ ತಿರುಗುವದುಂಟು. ಏಳುವಾಗ ವೃದ್ಧರಿಗೆ ಒಂದು ತೋಳು ಬೇಕು. ವೈದ್ಯರನ್ನು ಕೇಳದೆ ಅದನ್ನು ತಟ್ಟನೆ ನಿಲ್ಲಿಸಲೂ ಬಾರದು.

ಈಗ ಸಂಜೆಯಾಗುತ್ತಲೇ ಪಡುವಣ ಬಾಗಲನ್ನು ಮುಚ್ಚುತ್ತೇವೆ, ಗಂಜಿಯನ್ನು ಉಗುರುಬೆಚ್ಚಗೆ ಮಾಡಿಡುತ್ತೇವೆ, ಉತ್ತರವನ್ನು ಬಯಸದೆ ಹತ್ತಿರ ಕೂತಿರುತ್ತೇವೆ. ಮಕ್ಕಳು ಮುತ್ತನ್ನು ಅವರ ಅಂಗೈಗೆ ಕೊಡುತ್ತಾರೆ.