ಸಮ್ಮತಿ ಯಾರದು?

ದಯಾಮರಣವನ್ನು ಸಲ್ಲೇಖನದೊಡನೆ ಸಮೀಕರಿಸುವವರು ಒಂದು ಸೂಕ್ಷ್ಮವನ್ನು ಮರೆಯುತ್ತಾರೆ. ತತ್ತ್ವಾರ್ಥಸೂತ್ರವು ಸಲ್ಲೇಖನದ ಐದು ಅತಿಚಾರಗಳಲ್ಲಿ ಜೀವಿತಾಶಂಸೆಯ ಜೊತೆಗೆ ಮರಣಾಶಂಸೆಯನ್ನೂ ಎಣಿಸಿದೆ. ಬದುಕಿನ ಹಂಬಲದಂತೆಯೇ ಸಾವು ಬೇಗ ಬರಲೆಂಬ ಹಂಬಲವೂ ವ್ರತಕ್ಕೆ ದೋಷ. ಆದುದರಿಂದ ವ್ರತಿಯ ಸಮ್ಮತಿಯೊಂದೇ ಸಾಲದು. ಅದರ ಹಿಂದಿನ ಭಾವವೂ ಶುದ್ಧವಾಗಿರಬೇಕು.

ಸಮ್ಮತಿ ಸೂಚಿಸಲು ಬಾಯಿಯೇ ಇಲ್ಲದವರ ಪಾಡೇನು? ಉತ್ತರ ಕನ್ನಡದ ಹಳದೀಪುರದವರಾದ ದಾದಿ ಅರುಣಾ ಶಾನಭಾಗ 1973ರಲ್ಲಿ ಮುಂಬಯಿಯ ಆಸ್ಪತ್ರೆಯಲ್ಲಿ ಹಲ್ಲೆಗೊಳಗಾಗಿ, 2015ರಲ್ಲಿ ತೀರಿಕೊಳ್ಳುವವರೆಗೂ ಹಾಸಿಗೆಯಲ್ಲೇ ಇದ್ದರು. ಅವರಿಗೆ ಆಹಾರ ನಿಲ್ಲಿಸಬೇಕೆಂದು ಲೇಖಕಿಯೊಬ್ಬರು ಕೋರಿದರು. ಹಗಲಿರುಳು ಉಪಚರಿಸಿದ ಸಹದಾದಿಯರು ಒಲ್ಲೆವೆಂದರು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಮನ್ನಿಸಿದ್ದು ಉಪಚರಿಸಿದವರ ಮಾತನ್ನೇ. ಔಷಧ ಚುಚ್ಚಿ ಕೊಲ್ಲುವ ಸಕ್ರಿಯ ದಯಾಮರಣಕ್ಕೆ ಒಪ್ಪದೆ, ಜೀವಾಧಾರವನ್ನು ಹಿಂತೆಗೆಯುವ ನಿಷ್ಕ್ರಿಯ ಬಗೆಗೆ ಮಾತ್ರ ಕಟ್ಟುಪಾಡಿನೊಡನೆ ದಾರಿ ಬಿಟ್ಟಿತು. 2018ರ ತೀರ್ಪು, ಮುಂಚಿತವಾಗಿ ಬರೆದಿಡುವ ಇಚ್ಛಾಪತ್ರಕ್ಕೂ ಮಾನ್ಯತೆ ಕೊಟ್ಟಿತು.

ಆರೋಗ್ಯವಿದ್ದ ದಿನ ಬರೆದದ್ದು ನರಳುವ ದಿನದ ಮನಸ್ಸೂ ಆಗಿರುವುದೇ? ಪ್ರಜ್ಞೆಯಿರುವತನಕ ಪತ್ರವನ್ನು ರದ್ದುಮಾಡಬಹುದು, ನಿಜ. ಆದರೆ ಮಕ್ಕಳಿಗೆ ಹೊರೆಯಾದೆನೆಂಬ ಅಳುಕಿನಿಂದ ವೃದ್ಧೆಯೊಬ್ಬಳು ಹಾಕಿದ ಸಹಿಯಲ್ಲಿ ಆ ಅಳುಕು ಕಾಣಿಸದು. ಕ್ಷಪಕನ ಪರಿಣಾಮಗಳನ್ನು ಕೊನೆಯುಸಿರಿನವರೆಗೂ ಗಮನಿಸಲು ನಿರ್ಯಾಪಕರಿರುತ್ತಾರೆ. ಆಕೆಯ ಬಳಿ ಅಂಥವರು ಯಾರಿದ್ದಾರೆ?