ಉಪಕಾರವೋ, ಋಣವೋ?

ಬಾಲಾನಗರದ ಮೇಲ್ಸೇತುವೆಯನ್ನು ದಾಟಿ ದಿನವೂ ಕೆಲಸಕ್ಕೆ ಹೋಗಿಬರುವ ಕನ್ನಡಿಗರು ನಮ್ಮಲ್ಲಿ ಅನೇಕರಿದ್ದಾರೆ. 2021ರ ಜುಲೈಯಲ್ಲಿ ತೆರೆದ ಆ ಸೇತುವೆಗೆ ಬಾಬು ಜಗಜೀವನರಾಮ್ ಅವರ ಹೆಸರಿದೆ ಎಂಬುದನ್ನು ಗಮನಿಸಿದವರು ಮಾತ್ರ ಕಡಿಮೆ. ಅವರು ಬಿಹಾರದ ಆರಾ ಪಟ್ಟಣದಲ್ಲಿ ಓದುತ್ತಿದ್ದಾಗ, ‘ಅಸ್ಪೃಶ್ಯ’ ಹುಡುಗರಿಗೆಂದು ಶಾಲೆಯಲ್ಲಿ ನೀರಿನ ಗಡಿಗೆಯೊಂದನ್ನು ಬೇರೆ ಇಟ್ಟರಂತೆ. ಬಾಲಕ ಜಗಜೀವನ ಅದನ್ನು ಒಡೆದುಹಾಕಿದ. ಕಡೆಗೆ ಶಾಲೆಯವರು ಬೇರೆ ಗಡಿಗೆಯ ಏರ್ಪಾಡನ್ನೇ ಕೈಬಿಡಬೇಕಾಯಿತು.

ಈ ಸಂಗತಿ ನೆನಪಾದಾಗಲೆಲ್ಲ ನನಗೆ ಪುತ್ತೂರು ಕಡೆಯ ನಮ್ಮ ಹಳೆಯ ಮನೆಯ ಲೋಟವೊಂದು ಕಣ್ಣ ಮುಂದೆ ಬರುತ್ತದೆ. ಅದು ಅಲ್ಯೂಮಿನಿಯಂ ಲೋಟ. ಅದರ ಜಾಗ ಅಡುಗೆಮನೆಯಲ್ಲ, ದನದ ಹಟ್ಟಿಯ ಮಾಡಿನ ಎಡೆ. ಹೈಸ್ಕೂಲಿನಲ್ಲಿ ನನ್ನ ಬೆಂಚಿನಲ್ಲೇ ಕೂರುತ್ತಿದ್ದ ದಲಿತ ಗೆಳೆಯನೊಬ್ಬ ಲೆಕ್ಕ ಬಿಡಿಸಲು ಮನೆಗೆ ಬಂದರೆ, ಅಜ್ಜಿ ಅದೇ ಲೋಟಕ್ಕೆ ಮೇಲಿನಿಂದ ಕಾಫಿ ಹೊಯ್ಯುತ್ತಿದ್ದರು. ಅವನು ಕುಡಿದು, ತೊಳೆದು, ಮತ್ತೆ ಅಲ್ಲಿಯೇ ಸಿಕ್ಕಿಸಿ ಬರುತ್ತಿದ್ದ. ನಾನು ನೋಡುತ್ತಿದ್ದೆ, ಬಾಯಿ ಬಿಡಲಿಲ್ಲ. ಅಜ್ಜಿ ಕೆಟ್ಟವರಲ್ಲ. ಹುಡುಗ ಹಸಿದಿರುತ್ತಾನೆಂದು ತಪ್ಪದೆ ಅವಲಕ್ಕಿ ಕೊಡುತ್ತಿದ್ದರು. ಆ ದಯೆಯೂ ಆ ಲೋಟವೂ ಒಂದೇ ಕೈಯಿಂದ ಬರುವುದು ಹೇಗೆ ಸಾಧ್ಯವಾಯಿತು? ಇದು ನನ್ನನ್ನು ಇಂದಿಗೂ ಕಾಡುವ ಪ್ರಶ್ನೆ.

ಇದನ್ನು ಯೋಚಿಸುವಾಗ ನಮ್ಮ ಕರಾವಳಿಯ ಒಂದು ಸಂಸ್ಥೆಯ ಚರಿತ್ರೆ ನೆರವಿಗೆ ಬರುತ್ತದೆ. ಮಂಗಳೂರಿನ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪನೆಯಾದದ್ದು 1897ರಲ್ಲಿ. ಅದಕ್ಕೆ ನೂರಿಪ್ಪತ್ತೈದು ವರ್ಷ ತುಂಬಿದ್ದು 2022ರಲ್ಲಿ. ಸ್ಥಾಪಕರಾದ ಕುದ್ಮುಲ್ ರಂಗರಾಯರು (1859-1928) ಕಾಸರಗೋಡಿನ ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ ಹುಟ್ಟಿದವರು, ಮಂಗಳೂರಿನಲ್ಲಿ ವಕೀಲರು, ಬ್ರಾಹ್ಮಸಮಾಜದವರು. ದೇವರು ಒಬ್ಬನೇ, ಮನುಷ್ಯರೆಲ್ಲ ಅವನ ಮಕ್ಕಳು ಎಂಬ ಮಾತನ್ನು ಅವರು ಪ್ರಾರ್ಥನಾಮಂದಿರದಲ್ಲಿ ಹೇಳಿ ಮನೆಗೆ ಹೋಗಿಬಿಡಲಿಲ್ಲ. ಊರು ದೂರವಿಟ್ಟ ಮಕ್ಕಳಿಗೆ ಶಾಲೆ ತೆರೆದರು, ವಿದ್ಯಾರ್ಥಿನಿಲಯ ಕಟ್ಟಿದರು, ಕೈಕಸುಬು ಕಲಿಸಿದರು, ಅವರ ಮನೆಮಂದಿಗೆ ನೆಲೆ ನಿಲ್ಲಲು ಭೂಮಿ ದೊರಕಿಸಿದರು. ಇದಕ್ಕಾಗಿ ಸ್ವಜಾತಿಯವರು ಅವರಿಗೆ ಬಹಿಷ್ಕಾರ ಹಾಕಿದರು. 1934ರಲ್ಲಿ ಮಂಗಳೂರಿಗೆ ಬಂದ ಗಾಂಧೀಜಿ ಈ ಸಂಸ್ಥೆಯನ್ನು ನೋಡಲು ಹೋದರು.

ಇಂಥ ಸಂಸ್ಥೆಯ ವಾರ್ಷಿಕೋತ್ಸವವೆಂದರೆ ನಾವು ಹಾರ ಹಾಕಿ ಭಾಷಣ ಮಾಡುತ್ತೇವೆ. ಆದರೆ ಒಂದು ಮಾತನ್ನು ಮರೆಯುತ್ತೇವೆ. ಊರಿನ ಉಳಿದ ಶಾಲೆಗಳ ಬಾಗಿಲು ಎಲ್ಲರಿಗೂ ತೆರೆದಿದ್ದರೆ ಈ ಶಾಲೆಯೇ ಬೇಕಾಗುತ್ತಿರಲಿಲ್ಲ. ಹಾಗಾದರೆ ಅದರ ಹುಟ್ಟುಹಬ್ಬ ಕಟ್ಟಿದವರ ಹೆಮ್ಮೆಯ ದಿನವೋ, ಬಾಗಿಲು ಹಾಕಿಕೊಂಡಿದ್ದ ಊರಿನ ನಾಚಿಕೆಯ ದಿನವೋ?

ಮತ್ತೊಂದು ತೊಡಕೂ ಇದೆ. ಉತ್ಸವದಲ್ಲಿ ಕೊಟ್ಟವರ ಹೆಸರೇ ದೊಡ್ಡದಾಗಿ, ಕಲಿತವರು ಕೃತಜ್ಞತೆಯಿಂದ ಕೈಮುಗಿದು ನಿಲ್ಲುವವರಾಗಿಬಿಡುತ್ತಾರೆ. ಆದರೆ ಎಲ್ಲೆಡೆಯೂ ಅವರು ಹಾಗೆ ನಿಂತಿರಲಿಲ್ಲ. ಅಮೆರಿಕದ ಓಹಿಯೋ ಪ್ರಾಂತದಲ್ಲಿ ಕಪ್ಪು ಜನರ ಶಿಕ್ಷಣಕ್ಕೆಂದು 1856ರಲ್ಲಿ ವಿಲ್ಬರ್‌ಫೋರ್ಸ್ ವಿದ್ಯಾಲಯ ಸ್ಥಾಪನೆಯಾಯಿತು. ಅಂತರ್ಯುದ್ಧದ ಕಾಲದಲ್ಲಿ ಅದು ಮುಚ್ಚಿದಾಗ, ಬಿಷಪ್ ಡೇನಿಯಲ್ ಪೇಯ್ನ್ ಅವರ ಮುಂದಾಳುತನದಲ್ಲಿ ಕಪ್ಪು ಜನರದೇ ಆದ ಚರ್ಚು 1863ರಲ್ಲಿ ಅದನ್ನು ಕೊಂಡು ತಾನೇ ನಡೆಸಿತು. ನಮ್ಮ ಹೈದರಾಬಾದಿನಲ್ಲೇ ಭಾಗ್ಯರೆಡ್ಡಿ ವರ್ಮ (1888-1939) ಅವರು ದಲಿತ ಸಮುದಾಯದಲ್ಲಿಯೇ ಹುಟ್ಟಿ, 1906ರಲ್ಲಿ ಜಗನ್ಮಿತ್ರ ಮಂಡಳಿಯನ್ನು ಕಟ್ಟಿ, ಮುಂದೆ ತಮ್ಮವರ ಮಕ್ಕಳಿಗಾಗಿ ಶಾಲೆಗಳನ್ನು ನಡೆಸಿದರು. ಕಲಿಯುವ ಹಕ್ಕು ಅವರಿಗೆ ಯಾರೂ ಧಾರೆಯೆರೆದ ದಾನವಲ್ಲ.

ಈ ಸೂಕ್ಷ್ಮವನ್ನು ರಂಗರಾಯರು ಅರಿತಿದ್ದರೆಂದು ನನಗೆ ತೋರುತ್ತದೆ. ತಮ್ಮ ಶಾಲೆಯ ಮಕ್ಕಳು ಓದಿ ಮುಂದೆ ಬಂದು ಕಾರಿನಲ್ಲಿ ಓಡಾಡುವಾಗ ಆ ಚಕ್ರದ ಧೂಳು ತಮ್ಮ ತಲೆಗೆ ತಾಗಿದರೆ ಬಾಳು ಸಾರ್ಥಕ ಎಂಬುದು ಅವರ ಆಸೆಯಾಗಿತ್ತು. ತಮ್ಮ ಅಂತ್ಯಕ್ರಿಯೆ ದಲಿತರ ಕೈಯಿಂದಲೇ ಆಗಬೇಕೆಂದೂ ಅವರು ಕೇಳಿಕೊಂಡಿದ್ದರು. ಉಪಕಾರ ಮಾಡಿದವನು ಸಾಮಾನ್ಯವಾಗಿ ಮೇಲೆ ನಿಂತಿರುತ್ತಾನೆ. ಸಾಲ ತೀರಿಸುವವನು ಮಾತ್ರ ತಗ್ಗಿ ನಿಲ್ಲುತ್ತಾನೆ. ರಂಗರಾಯರು ಕೊಟ್ಟದ್ದು ತಲೆಮಾರುಗಳ ಸಾಲದ ಒಂದು ಕಂತು. ಅದಕ್ಕೇ ಅವರು ಕೃತಜ್ಞತೆಯನ್ನು ಬೇಡದೆ ಧೂಳನ್ನು ಬೇಡಿದರು. ಅಜ್ಜಿಯ ಅವಲಕ್ಕಿಗೂ ರಂಗರಾಯರ ಶಾಲೆಗೂ ಇರುವ ಅಂತರ ಇದೇ. ಅಜ್ಜಿ ಕೊಟ್ಟರು, ಆದರೆ ತಮ್ಮ ಜಾಗದಿಂದ ಕೆಳಗಿಳಿಯಲಿಲ್ಲ.

ಎರಡು ವರ್ಷದ ಕೆಳಗೆ ಆ ನನ್ನ ಗೆಳೆಯ ತರಬೇತಿಗೆಂದು ಬಾಲಾನಗರಕ್ಕೆ ಬಂದಿದ್ದ. ಈಗ ಅವನು ಇಂಜಿನಿಯರು. ಮನೆಗೆ ಊಟಕ್ಕೆ ಕರೆದೆ. ಊಟವಾದ ಮೇಲೆ ಲೋಟದ ಮಾತೆತ್ತಿ, ಅಂದು ಸುಮ್ಮನಿದ್ದುದಕ್ಕೆ ಕ್ಷಮೆ ಕೇಳಿದೆ. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಅಜ್ಜಿಯ ಅವಲಕ್ಕಿಯೂ ನೆನಪಿದೆ ಮಾರಾಯ, ಲೋಟವೂ ನೆನಪಿದೆ. ಒಂದನ್ನು ನೆನೆದು ಇನ್ನೊಂದನ್ನು ಮರಿ ಅಂತ ಮಾತ್ರ ಹೇಳಬೇಡ” ಎಂದ.

ವಾರ್ಷಿಕೋತ್ಸವ ಹೇಗಿರಬೇಕೆಂಬ ನನ್ನ ಪ್ರಶ್ನೆಗೆ ಇದಕ್ಕಿಂತ ಸರಿಯಾದ ಉತ್ತರ ನನಗೆ ಸಿಕ್ಕಿಲ್ಲ. ಶಾಲೆಯನ್ನೂ ನೆನೆಯಬೇಕು, ಶಾಲೆ ಏಕೆ ಬೇಕಾಯಿತೆಂಬುದನ್ನೂ ನೆನೆಯಬೇಕು.

ಅವನನ್ನು ಬೀಳ್ಕೊಟ್ಟು ಬಂದು ನೀರು ಕುಡಿಯಲು ಅಡುಗೆಮನೆಗೆ ಹೋದಾಗ, ಕಿಟಕಿಯ ಕಟ್ಟೆಯ ಮೇಲೆ ಮನೆಗೆಲಸದಾಕೆಗೆಂದು ಬೇರೆ ಇಟ್ಟಿದ್ದ ಲೋಟ ಕಣ್ಣಿಗೆ ಬಿತ್ತು. ಅದನ್ನು ಇಟ್ಟವರು ಅಜ್ಜಿಯಲ್ಲ, ನಾವೇ. ಅಂದೇ ಅದನ್ನು ಉಳಿದ ಲೋಟಗಳೊಡನೆ ಸೇರಿಸಿದೆವು. ಆದರೂ ಆಕೆ ಒಂದು ವಾರ ಆ ಕಟ್ಟೆಯ ಮೇಲೆಯೇ ತನ್ನ ಲೋಟವನ್ನು ಹುಡುಕುತ್ತಿದ್ದಳು.

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಾವು ಊರಿನ ಹಬ್ಬ, ಹಪ್ಪಳ, ಭಾಷೆ ಎಲ್ಲವನ್ನೂ ಜೊತೆಗೆ ತಂದಿದ್ದೇವೆ. ಇದಷ್ಟೂ ಸರಿಯೇ. ಆ ಗಂಟಿನಲ್ಲಿ ಬೇರೆ ಲೋಟವೂ ಬಂದಿದೆಯೇ ಎಂದು ಓದುಗರು ಒಮ್ಮೆ ತಮ್ಮ ಅಡುಗೆಮನೆಯಲ್ಲಿ ನೋಡಿಕೊಳ್ಳಬೇಕೆಂದು ನನ್ನ ಬಿನ್ನಹ.